ಬಸ್ಸಿನಲ್ಲಿ ಹಾಟ್‌ಸ್ಪಾಟ್: ಪ್ಲಾನ್ ಆಮೇಲೆ, ಮೊದಲು ದಾರಿ ನೋಡಿ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಬೆಳಗ್ಗೆ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಬಸ್ಸಿನಲ್ಲಿ ಕೂತು ಅಸೈನ್‌ಮೆಂಟ್ ಅಪ್‌ಲೋಡ್ ಮಾಡ್ತಾ ಇದ್ದೆ. ಎಂಟು ಗಂಟೆಗೆ ಲಿಂಕ್ ಕ್ಲೋಸ್. ಮಂಚೇನಹಳ್ಳಿ ದಾಟಿದ ಮೇಲೆ, ಬೆಟ್ಟಗಳ ಹತ್ತಿರ, ಸಿಗ್ನಲ್ ಒಂದು ಕಡ್ಡಿಗೆ ಇಳೀತು. ಆಮೇಲೆ ಅದೂ ಹೋಯ್ತು. ವಾಪಸ್ ಬರೋ ಹೊತ್ತಿಗೆ ಎಂಟು ಗಂಟೆ ನಾಲ್ಕು ನಿಮಿಷ. ಇಂಟರ್ನಲ್ಸ್‌ನ ಐದು ಮಾರ್ಕ್ಸ್ ಹೋಯ್ತು. ಬೇಜಾರು ಏನಂದ್ರೆ, ಹಿಂದಿನ ವಾರವಷ್ಟೇ ಜಾಸ್ತಿ ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿದ್ದೆ. ಅವತ್ತು ನನ್ನ ಹತ್ತಿರ 2 ಜಿಬಿ ಹಾಗೇ ಉಳಿದಿತ್ತು!

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ದಿನಾ ಓಡಾಡುವವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ನಮಗೆ ಬಸ್ಸೇ ಅರ್ಧ ಲೈಬ್ರರಿ. ಅದಕ್ಕೇ ಆ ಐದು ಮಾರ್ಕ್ಸ್‌ನಿಂದ ನಾನು ಕಲಿತ ಪಾಠ ಇಲ್ಲಿ ಬರೀತಿದ್ದೀನಿ. ಪ್ಲಾನ್ ದರಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ದರ ಬರೆದಿಲ್ಲ. ಆರಿಸುವ ವಿಧಾನ ಮಾತ್ರ ಇದೆ.

1. ಮೊದಲು ದಾರಿ

ಗೌರಿಬಿದನೂರಿನ ಹತ್ತಿರ ಒಂದು ರೇಡಿಯೊ ದೂರದರ್ಶಕ ಇದೆ, ಗೊತ್ತಲ್ವಾ? ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸುತ್ತಿರುವ ಕೇಂದ್ರ ಅದು. ಅಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದಿಂದ ಬರುವ ಅಲೆಗಳನ್ನು ಹಿಡಿಯಲು ಟಿ ಆಕಾರದಲ್ಲಿ 1000 ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿದ್ದರು. ಇಂಥ ಕೇಂದ್ರಕ್ಕೆ ಊರುಗಳ ರೇಡಿಯೊ ಗದ್ದಲ ಕಡಿಮೆ ಇರುವ ಜಾಗ ಬೇಕು. ಸುತ್ತ ಬೆಟ್ಟ ಇದ್ದರೆ ಆ ಗದ್ದಲಕ್ಕೆ ಅಡ್ಡ ಗೋಡೆ ಕಟ್ಟಿದ ಹಾಗೆ. ಖಗೋಳ ವಿಜ್ಞಾನಿಗೆ ಅನುಕೂಲವಾದ ಬೆಟ್ಟವೇ ಬಸ್ಸಿನಲ್ಲಿ ಕೂತ ನಮಗೆ ತೊಂದರೆ: ಟವರ್ ಬೆಟ್ಟದ ಆ ಕಡೆ, ನಾವು ಈ ಕಡೆ.

ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತೆ, ಅಡ್ಡಿ ಬಂದರೆ ಸ್ವಲ್ಪ ಬಾಗುತ್ತೆ. ಅಂದರೆ 700, 850, 900 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಹಳ್ಳಿ ದಾರಿಗೆ ಒಳ್ಳೆಯವು. 2300, 3500 ಮೆಗಾಹರ್ಟ್ಸ್‌ನಲ್ಲಿ ಸ್ಪೀಡ್ ಜಾಸ್ತಿ, ವ್ಯಾಪ್ತಿ ಕಡಿಮೆ. ಬಸ್ ಸ್ಟ್ಯಾಂಡ್‌ನಲ್ಲಿ 5ಜಿ ಜೋರಾಗಿ ಬಂತು ಅಂತ ದಾರಿ ಪೂರ್ತಿ ಹಾಗೇ ಇರಲ್ಲ.

ಫೋನಿನ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಫೋನ್ ಬಗ್ಗೆ ಇರುವ ಭಾಗಕ್ಕೆ ಹೋಗಿ ಸಿಮ್ ಸ್ಟೇಟಸ್ ತೆಗೆದರೆ ಡಿಬಿಎಂ ಲೆಕ್ಕದಲ್ಲಿ ಒಂದು ನಂಬರ್ ಸಿಗುತ್ತೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ. ಇದು ಲಾಗರಿದಮ್ ಅಳತೆ ಅನ್ನೋದು ಮರೀಬೇಡಿ: 20 ಡಿಬಿ ಇಳಿದರೆ ಪವರ್ 100 ಪಟ್ಟು ಕಡಿಮೆ.

ನಿಮ್ಮ ದಾರಿಯಲ್ಲಿ ಐದಾರು ನಿಲ್ದಾಣ ಆರಿಸಿ ಒಂದು ವಾರ ಈ ನಂಬರ್ ಬರೆದಿಡಿ. ಪಕ್ಕದಲ್ಲಿ ಕೂತ ಫ್ರೆಂಡ್‌ನ ಬೇರೆ ಕಂಪನಿ ಸಿಮ್‌ದೂ ಬರೆದುಕೊಳ್ಳಿ. ಸರಾಸರಿ ತೆಗೀಬೇಡಿ, ತೀರಾ ಕೆಟ್ಟ ಜಾಗದ ನಂಬರ್ ಹೋಲಿಸಿ. ಕಂಪನಿಗಳ ವೆಬ್‌ಸೈಟ್‌ನಲ್ಲಿ ಕವರೇಜ್ ಮ್ಯಾಪ್ ಇರುತ್ತೆ, ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಹತ್ತಿರದ ಟವರ್‌ಗಳ ಮಾಹಿತಿ ಸಿಗುತ್ತೆ. ಅದಕ್ಕಿಂತ ಸುಲಭ ಅಂದ್ರೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ತರುವವರನ್ನೋ, ಚಿಂತಾಮಣಿಗೆ ಟೊಮ್ಯಾಟೊ ಹೊಡೆಯುವ ಡ್ರೈವರ್ ಅಣ್ಣಂದಿರನ್ನೋ ಕೇಳಿ. ಎಲ್ಲಿ ಕಾಲ್ ಕಟ್ ಆಗುತ್ತೆ ಅಂತ ಅವರಿಗೆ ಬಾಯಿಪಾಠ.

2. ಆಮೇಲೆ ಲೆಕ್ಕ

ಕ್ಲಾಸ್ ವಿಡಿಯೊ ಸಾಧಾರಣ ಕ್ವಾಲಿಟಿಯಲ್ಲಿ ಸುಮಾರು 1 ಎಂಬಿಪಿಎಸ್ ತಗೊಳ್ಳುತ್ತೆ ಅಂತ ಇಟ್ಕೊಳ್ಳಿ. ಒಂದು ಗಂಟೆಗೆ 3600 ಸೆಕೆಂಡ್, ಬೈಟ್‌ಗೆ 8 ಬಿಟ್. 3600 ಭಾಗಿಸು 8, ಅಂದರೆ 450 ಎಂಬಿ. ಹೋಗ್ತಾ ಒಂದು ಗಂಟೆ, ಬರ್ತಾ ಒಂದು ಗಂಟೆ ನೋಡಿದರೆ 900 ಎಂಬಿ. ನೋಟ್ಸ್, ವಾಟ್ಸ್‌ಆ್ಯಪ್, ಇನ್ನಿತರೆಗೆ 300 ಎಂಬಿ ಸೇರಿಸಿ. ಒಟ್ಟು 1.2 ಜಿಬಿ. ದಿನಕ್ಕೆ 1.5 ಜಿಬಿ ಸಾಕಾಯ್ತು. ನನಗೆ ದೊಡ್ಡ ಪ್ಲಾನ್ ಬೇಕೇ ಇರಲಿಲ್ಲ.

ದಿನದ ಕೋಟಾ ಮುಗಿದ ಮೇಲೆ ತುಂಬಾ ಪ್ಲಾನ್‌ಗಳಲ್ಲಿ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತೆ. 5 ಎಂಬಿ ಪಿಡಿಎಫ್ ಅಂದ್ರೆ 40,000 ಕಿಲೋಬಿಟ್. 64ರಿಂದ ಭಾಗಿಸಿದರೆ 625 ಸೆಕೆಂಡ್, ಹತ್ತು ನಿಮಿಷದ ಮೇಲೆ. ಅನ್‌ಲಿಮಿಟೆಡ್ ಅನ್ನೋ ಪದದ ಅರ್ಥ ಅಷ್ಟೇ.

3. ಪ್ಲಾನ್‌ನ ಸಣ್ಣ ಅಕ್ಷರ

ದಿನದ ಕೋಟಾ: ಉಳಿದ ಡೇಟಾ ಮಧ್ಯರಾತ್ರಿ ಮಾಯ. ಶನಿವಾರ 3 ಜಿಬಿ, ಸೋಮವಾರ ಅರ್ಧ ಜಿಬಿ ಬಳಸುವವರಿಗೆ ಇಡೀ ಅವಧಿಗೆ ಒಟ್ಟಾಗಿ ಡೇಟಾ ಕೊಡುವ ಪ್ಲಾನ್ ಒಳ್ಳೆಯದು.

ದಿನಗಳು: 28 ದಿನದ ಪ್ಲಾನ್ ಆದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಕನಿಷ್ಠ ಒಂದು 30 ದಿನದ ಪ್ಲಾನ್, ಪ್ರತಿ ತಿಂಗಳು ಅದೇ ತಾರೀಖಿಗೆ ರಿನ್ಯೂ ಆಗುವ ಇನ್ನೊಂದು ಪ್ಲಾನ್ ಇಡಲೇಬೇಕು ಅಂತ ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿದೆ. ಆ್ಯಪ್‌ನಲ್ಲಿ ಕೆಳಗೆ ಎಲ್ಲೋ ಇರುತ್ತೆ, ಹುಡುಕಿ. ಸೆಮಿಸ್ಟರ್ 16 ವಾರ ಅಂದ್ರೆ 112 ದಿನ: ಒಂದು 84 ದಿನದ್ದು, ಒಂದು 28 ದಿನದ್ದು. ರಜೆಗೆ ಅಂತ ಮುಂಚೆಯೇ ದುಡ್ಡು ಕಟ್ಟಬೇಕಿಲ್ಲ.

ಅನ್‌ಲಿಮಿಟೆಡ್ 5ಜಿ: ಅದು 5ಜಿ ಇರುವ ಕಡೆ ಮಾತ್ರ. ಬಸ್ ಊರು ಬಿಟ್ಟು ಫೋನ್ 4ಜಿಗೆ ಇಳಿದ ತಕ್ಷಣ ದಿನದ ಕೋಟಾ ಖರ್ಚಾಗಲು ಶುರು. ದಾರಿಯಲ್ಲಿ ಓದುವವರು 4ಜಿ ಕೋಟಾ ಎಷ್ಟಿದೆ ಅಂತಲೇ ನೋಡಬೇಕು.

ಗಡಿ: ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೋದರೆ ಫೋನ್ ಆಂಧ್ರದ ಟವರ್ ಹಿಡಿದು ರೋಮಿಂಗ್ ತೋರಿಸಬಹುದು. ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ನಿಲ್ಲುತ್ತೆ. ಈಗಿನ ಸಾಮಾನ್ಯ ಪ್ಯಾಕ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ಚಾರ್ಜ್ ಇಲ್ಲ. ನಿಮ್ಮ ಪ್ಯಾಕ್ ಒಮ್ಮೆ ಓದಿ ಆನ್ ಮಾಡಿಡಿ.

4. ದೊಡ್ಡ ಪ್ಲಾನ್ ಬದಲು ಎರಡನೇ ಸಿಮ್

ನಿಮ್ಮ ಕೆಟ್ಟ ಜಾಗದಲ್ಲಿ ಬೇರೆ ಕಂಪನಿ ಚೆನ್ನಾಗಿದ್ದರೆ ಅದರದೊಂದು ಚಿಕ್ಕ ಪ್ಲಾನ್ ಎರಡನೇ ಸ್ಲಾಟ್‌ಗೆ ಹಾಕಿ. ಬರೀ ಡೇಟಾ ವೋಚರ್ ಹಾಕಿಸಿದರೆ ಸಾಮಾನ್ಯವಾಗಿ ಕೆಲಸ ಆಗಲ್ಲ, ಬೇಸ್ ಪ್ಲಾನ್ ಇರಬೇಕು. ದಾರಿ ಪೂರ್ತಿ ಇನ್ನೊಂದೇ ಕಂಪನಿ ಚೆನ್ನಾಗಿದ್ದರೆ ನಂಬರ್ ಪೋರ್ಟ್ ಮಾಡಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಸ್ಪೇಸ್ ಕೊಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಕೋಡ್ ಬರುತ್ತೆ.

5. ಲ್ಯಾಪ್‌ಟಾಪ್‌ಗೆ ಕಡಿವಾಣ

ಹಾಟ್‌ಸ್ಪಾಟ್ ಸಿಕ್ಕಿದ ಕೂಡಲೇ ಲ್ಯಾಪ್‌ಟಾಪ್ ಅದನ್ನು ಮನೆ ವೈಫೈ ಅಂದುಕೊಂಡು ಅಪ್‌ಡೇಟ್ ಇಳಿಸುತ್ತೆ. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಕ್ಲೌಡ್ ಸಿಂಕ್ ನಿಲ್ಲಿಸಿ. ಒಬ್ಬರೇ ಇದ್ದರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ, ಫೋನ್‌ಗೆ ಚಾರ್ಜ್ ಕೂಡ ಸಿಗುತ್ತೆ. ಪಾಸ್‌ವರ್ಡ್ ಇಲ್ಲದೆ ಬಸ್ಸಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಲೇಬೇಡಿ.

ನಾನೀಗ ಮತ್ತೆ 1.5 ಜಿಬಿ ಪ್ಲಾನ್‌ಗೆ ಬಂದಿದ್ದೀನಿ, ಜೊತೆಗೆ ಇನ್ನೊಂದು ಕಂಪನಿಯ ಚಿಕ್ಕ ಸಿಮ್. ವಿಡಿಯೊಗಳನ್ನು ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೋತೀನಿ, ಅಪ್‌ಲೋಡ್ ಇದ್ದರೆ ಮಂಚೇನಹಳ್ಳಿ ಬರೋ ಮುಂಚೆ ಮುಗಿಸ್ತೀನಿ. ನೀವೂ ನಿಮ್ಮ ದಾರಿಯ ಒಂದು ವಾರದ ನಂಬರ್‌ಗಳನ್ನು ಕನ್ನಡ ಸಂಘದ ಗ್ರೂಪ್‌ಗೆ ಹಾಕಿ. ನಾಲ್ಕು ತಾಲ್ಲೂಕಿನ ದಾರಿಗಳದ್ದೂ ಸೇರಿದರೆ ಮುಂದಿನ ವರ್ಷ ಬರುವ ಜೂನಿಯರ್ಸ್‌ಗೆ ಒಂದು ಪಟ್ಟಿ ಸಿದ್ಧ ಇರುತ್ತೆ. ಅವರ ಐದು ಮಾರ್ಕ್ಸ್ ಉಳೀಲಿ.