ಸಕ್ಕರೆ ಹತೋಟಿಯಲ್ಲಿದ್ದರೂ ಇನ್ನೊಂದು ಮಾತ್ರೆ ಯಾಕೆ?

ಪ್ರಶ್ನೆ: ನನಗೆ 58 ವರ್ಷ. ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಹೋದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಎಚ್‌ಬಿಎ1ಸಿ 6.9 ಇದೆ. ಆದರೂ ಡಾಕ್ಟರು ಎಂಪಾಗ್ಲಿಫ್ಲೋಜಿನ್ ಸೇರಿಸಿದರು. ಆಮೇಲೆ ಮೂತ್ರ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೂರು ಪ್ಲಸ್! ಹೆದರಿ ಆ ಮಾತ್ರೆ ಬಿಟ್ಟಿದ್ದೇನೆ. ಸರಿಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮಷ್ಟಕ್ಕೆ ಬಿಡಬಾರದಿತ್ತು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮತ್ತೆ ಶುರು ಮಾಡುವುದನ್ನು ಕೇಳಿ. ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಈ ಔಷಧ ಅದನ್ನು ತಡೆದು ಮೂತ್ರದಲ್ಲಿ ಕಳಿಸುತ್ತದೆ. ಹಾಗಾಗಿ ಈ ಮಾತ್ರೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಕಾಣಲೇಬೇಕು. ಜೊತೆಗೆ ಒಂದಿಷ್ಟು ಉಪ್ಪು, ನೀರೂ ಹೋಗುವುದರಿಂದ ಹೃದಯದ ಹೊರೆ ಇಳಿಯುತ್ತದೆ.

ಸಕ್ಕರೆ ಇಳಿಸುವ ಔಷಧವೆಲ್ಲ ಹೃದಯಕ್ಕೆ ಒಳ್ಳೆಯದು ಎಂದು ನಾವು ಬಹುಕಾಲ ನಂಬಿದ್ದೆವು. ರೋಸಿಗ್ಲಿಟಜೋನ್ ಸಕ್ಕರೆ ಇಳಿಸುತ್ತಿತ್ತು, ಆದರೆ ಹೃದಯಾಘಾತ ಹೆಚ್ಚಿಸುತ್ತದೆಂಬ ಆತಂಕ 2007ರಲ್ಲಿ ಎದ್ದಿತು. 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಈ ನಡುವೆ, 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೊಸ ಸಕ್ಕರೆ ಔಷಧಗಳಿಂದ ಹೃದಯಕ್ಕೆ ಅಪಾಯವಿಲ್ಲವೆಂದು ತೋರಿಸಲೇಬೇಕು ಎಂದರು. ಹಾಗೆ ನಡೆದ ಅಧ್ಯಯನಗಳಲ್ಲೊಂದರ ಫಲಿತಾಂಶ 2015ರಲ್ಲಿ ಬಂತು. ನಿಮ್ಮಂತೆ ಹೃದಯ ಅಥವಾ ರಕ್ತನಾಳದ ಕಾಯಿಲೆಯೂ ಇದ್ದ ಸುಮಾರು 7,000 ಮಧುಮೇಹಿಗಳಲ್ಲಿ ಎಂಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಹೃದ್ರೋಗದ ಸಾವು ಶೇ 38, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು ಶೇ 35 ಕಡಿಮೆಯಾಗಿತ್ತು. ಸಕ್ಕರೆ ಅಳತೆಯಲ್ಲಿ ಮಾತ್ರ ಅಂಥ ದೊಡ್ಡ ವ್ಯತ್ಯಾಸವಿರಲಿಲ್ಲ! ನಿಮ್ಮ ಡಾಕ್ಟರು 6.9 ಇದ್ದರೂ ಇದನ್ನು ಬರೆದದ್ದು ನಿಮ್ಮ ಹೃದಯಕ್ಕಾಗಿ, ಮತ್ತು ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ.

ಎಚ್ಚರವೂ ಬೇಕು. ಗ್ಲಿಮೆಪಿರೈಡ್ ಜೊತೆಗಿರುವುದರಿಂದ ಸಕ್ಕರೆ ತೀರಾ ಇಳಿಯಬಹುದು. ಅದರ ಡೋಸ್ ತಗ್ಗಿಸಬೇಕೇ ಎಂದು ಕೇಳಿ. ಗುಪ್ತಾಂಗದಲ್ಲಿ ತುರಿಕೆಯ ಸೋಂಕು ಬರಬಹುದು, ಪ್ರತಿ ಸಲ ನೀರಿನಿಂದ ತೊಳೆದು ಒಣಗಿಸಿಕೊಳ್ಳಿ. ವಾಂತಿ, ಭೇದಿ ಆದಾಗ, ಶಿವರಾತ್ರಿಯ ನಿರಾಹಾರ ಉಪವಾಸಕ್ಕೆ, ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂದು ಮೊದಲೇ ವಿಚಾರಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಟ್ಟೆನೋವು, ಓಕರಿಕೆ, ಏದುಸಿರು ಬಂದರೆ ಗ್ಲೂಕೋಮೀಟರ್ 180 ತೋರಿಸಿದರೂ ಸುಮ್ಮನಿರಬೇಡಿ, ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿರಬಹುದು.

ಪ್ರಶ್ನೆ: ಅಮ್ಮನಿಗೆ 70. ಪಯೋಗ್ಲಿಟಜೋನ್ ಶುರುವಾದ ಮೇಲೆ ಪಾದ ಊದಿಕೊಂಡಿದೆ. ವಯಸ್ಸಿನಿಂದಲೇ?
– ಓದುಗರು, ಶಿರಸಿ

ಉತ್ತರ: ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ಈ ಔಷಧ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಹೃದಯ ವೈಫಲ್ಯ ಇರುವವರಿಗೆ ಕೊಡುವಂತಿಲ್ಲ. ಬಿ.ಪಿ.ಗೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ಅದರಿಂದಲೂ ಪಾದ ಊದಬಹುದು, ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಎರಡು-ಮೂರು ದಿನದಲ್ಲಿ ತೂಕ ಏರಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ನಾಳೆಗೆ ಕಾಯದೆ ಇವತ್ತೇ ಕರೆದುಕೊಂಡು ಹೋಗಿ.