ಮೊದಲು ಗಿಡ, ಆಮೇಲೆ ದೀಪ

ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಗಿಡ ನೆಟ್ಟು ಇನ್ನೂ ತಿಂಗಳಾಗಿರಲಿಲ್ಲ. ಅನುಬಿಯಸ್ ಎಲೆಗಳ ಅಂಚಿನಲ್ಲಿ ಕಪ್ಪು ಕುಚ್ಚುಗಳು ಮೂಡಿದವು. ಹಿಂದೆಯೇ ಗಾಜಿಗೆ ಹಸಿರು ಚುಕ್ಕೆ, ಜಾವಾ ಫರ್ನ್‌ಗೆ ಕೂದಲಿನಂಥ ಪಾಚಿ. ಮೀನಿಗೆ ಆಹಾರ ಕಡಿಮೆ ಮಾಡಿದೆ, ವಾರಕ್ಕೆರಡು ಸಲ ನೀರು ಬದಲಿಸಿದೆ, ಪಾಚಿ ಜಗ್ಗಲಿಲ್ಲ. ಕಾರಣ ಇದ್ದದ್ದು ತೊಟ್ಟಿಯ ಮೇಲೆ, ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದ ಪ್ರಖರ ಎಲ್‌ಇಡಿ ದೀಪದಲ್ಲಿ.

ಆ ದೀಪ ತರಿಸಿದ್ದು ಗಿಡದ ತೊಟ್ಟಿಗಳಿಗೆ ಹೆಸರಾದ ಜಪಾನಿನ ತಕಾಶಿ ಅಮಾನೊ (1954–2015) ಅವರ ಚಿತ್ರಗಳ ಮೋಹ. ಅವರ ತೊಟ್ಟಿಗಳಲ್ಲಿ ಗಿಡಗಳು ಹೊಳೆಯುತ್ತವೆ, ನಿಜ. ಆದರೆ ಅಲ್ಲಿ ಬೆಳಕಿನ ಜೊತೆಗೆ ಇಂಗಾಲದ ಡೈಆಕ್ಸೈಡ್ ಹಾಯಿಸುವ ಏರ್ಪಾಡೂ ಇರುತ್ತಿತ್ತು. ಬೆಳಕು ಹೆಚ್ಚಿದಷ್ಟೂ ಗಿಡ ಆ ಅನಿಲವನ್ನೂ ಪೋಷಕಾಂಶವನ್ನೂ ಹೆಚ್ಚು ಕೇಳುತ್ತದೆ. ಅವು ಸಿಗದಿದ್ದರೆ ಗಿಡದ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಮಿಕ್ಕ ಬೆಳಕು ಪಾಚಿಯ ಪಾಲು. ಅನುಬಿಯಸ್ ಅಂತೂ ಆಫ್ರಿಕಾದ ಕಾಡುತೊರೆಗಳ ನೆರಳಿನ ಗಿಡ. ತಿಂಗಳಿಗೆ ಒಂದೆರಡು ಎಲೆ ಬಿಟ್ಟರೆ ಅದೇ ಹೆಚ್ಚು.

ದೀಪದ ಡಬ್ಬಿಯ ಅಂಕಿಗಳನ್ನು ನಂಬಿ ಕೊಂಡದ್ದೂ ತಪ್ಪಾಗಿತ್ತು. ವ್ಯಾಟ್ ಹೇಳುವುದು ದೀಪ ತಿನ್ನುವ ವಿದ್ಯುತ್ತನ್ನು. ಇಷ್ಟು ನೀರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಲ್ಯೂಮೆನ್ ಮನುಷ್ಯನ ಕಣ್ಣಿನ ಅಳತೆ, 555 ನ್ಯಾನೊಮೀಟರಿನ ಹಸಿರಿಗೇ ಅದರಲ್ಲಿ ಹೆಚ್ಚು ತೂಕ. 6500 ಕೆಲ್ವಿನ್ ಅಂದರೆ ಬೆಳಕಿನ ಬಣ್ಣ ಮಾತ್ರ. ಗಿಡಕ್ಕೆ ಲೆಕ್ಕಕ್ಕೆ ಬರುವುದು 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕು ಎಲೆಯ ಮೇಲೆ ಎಷ್ಟು ಬೀಳುತ್ತದೆ ಎಂಬುದು. ಅದನ್ನು ಪಾರ್ ಎನ್ನುತ್ತಾರೆ.

ಪಾರ್ ಮೀಟರ್ ದುಬಾರಿ. ತೊಟ್ಟಿಯ ನೀರೆಲ್ಲ ತೆಗೆದು, ತಳದಲ್ಲಿ ಮೊಬೈಲ್ ಇಟ್ಟು ಲಕ್ಸ್, ಅಂದರೆ ಅಲ್ಲಿ ಬೀಳುವ ಬೆಳಕಿನ ಕಣ್ಣಳತೆಯ ಮಟ್ಟ, ಅಳೆದೆ. ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿದರೆ ಪಾರ್‌ನ ಅಂದಾಜು ಸಿಗುತ್ತದೆ. ನಡುವೆ 5,600 ಲಕ್ಸ್, ಎಂದರೆ 80 ಪಾರ್. ಮೂಲೆಯಲ್ಲಿ 2,100, ಎಂದರೆ 30. ನೆರಳಿನ ಗಿಡಗಳಿಗೆ 15ರಿಂದ 30 ಧಾರಾಳ ಸಾಕು! ದೀಪವನ್ನು ಒಂದು ಗೇಣು ಮೇಲಕ್ಕೆ ಕಟ್ಟಿದೆ, ಟೈಮರ್ ಹಾಕಿ ಆರು ಗಂಟೆಗೆ ಇಳಿಸಿದೆ, ಅನುಬಿಯಸ್ ಅನ್ನು ಮೂಲೆಗೆ ಸಾಗಿಸಿದೆ. ಎರಡು ತಿಂಗಳಲ್ಲಿ ಹೊಸ ಎಲೆಗಳು ಶುಭ್ರವಾಗಿ ಬಂದವು.

ನಷ್ಟವೂ ಆಯಿತು. ನಮ್ಮ ಪಶ್ಚಿಮ ಕರಾವಳಿಯ ಕಡೆಯದೇ ಗಿಡವೆಂದು ಪ್ರೀತಿಯಿಂದ ತಂದಿದ್ದ ರೊಟಾಲ ಮ್ಯಾಕ್ರಾಂಡ್ರ ಆ ಮಂದ ಬೆಳಕಿನಲ್ಲಿ ಕೆಂಪು ಕಳೆದುಕೊಂಡು, ಬುಡದ ಎಲೆ ಉದುರಿಸಿ ಸೊರಗಿತು. ಅದು ನಿಜಕ್ಕೂ ಬಿಸಿಲು ಬೇಡುವ ಗಿಡ. ಪಕ್ಕದಲ್ಲಿದ್ದ, ಅದೂ ನಮ್ಮ ಘಟ್ಟದ ಹೊಳೆಗಳದೇ ಆದ ಕ್ರಿಪ್ಟೊಕೊರೈನ್ ಸ್ಪೈರಾಲಿಸ್ ಬೆಳಕು ಬದಲಾದ ವಾರದಲ್ಲೇ ಎಲೆಯೆಲ್ಲ ಕರಗಿಸಿಕೊಂಡಿತು. ಈ ಜಾತಿಯ ಸ್ವಭಾವವೇ ಹಾಗೆ ಎಂದು ತಿಳಿದಿದ್ದರಿಂದ ಬೇರು ಕೀಳಲಿಲ್ಲ. ಐದನೇ ವಾರ ಮರಳಿನಿಂದ ಸುರುಳಿ ಸುತ್ತಿದ ಎಳೆಯ ಎಲೆಯೊಂದು ಇಣುಕಿತು.