ಗ್ರೈಂಡರ್ ಮುಟ್ಟಿದರೆ ‘ಜುಂ’ ಅನ್ನುತ್ತದೆಯೇ?

ಮಕ್ಕಳೇ, ದೋಸೆ ಹಿಟ್ಟು ರುಬ್ಬುವಾಗ ಗ್ರೈಂಡರಿನ ಸ್ಟೀಲ್ ಮೈ ತಾಗಿದರೆ ಕೈ ‘ಜುಂ’ ಅನ್ನುತ್ತದೆಯೇ? “ಚಪ್ಪಲಿ ಹಾಕಿಕೊಂಡ್ರೆ ಏನೂ ಆಗಲ್ಲ” ಎಂದು ಸುಮ್ಮನಿರಬೇಡಿ. ಚಪ್ಪಲಿ ಹಾಕಿದರೆ ‘ಜುಂ’ ಗೊತ್ತಾಗದಿರಬಹುದು, ದೋಷ ಅಲ್ಲೇ ಇರುತ್ತದೆ.

ಒಳಗಿನ ತಂತಿಯ ಹೊದಿಕೆ ಸವೆದರೆ ಅಥವಾ ಮೋಟರಿಗೆ ನೀರು ಇಳಿದರೆ ವಿದ್ಯುತ್ ಲೋಹದ ಮೈಗೆ ಸೋರುತ್ತದೆ. ಭೂಸಂಪರ್ಕ ಸರಿಯಿದ್ದರೆ ಅದು ಹಸಿರು ತಂತಿಯಲ್ಲಿ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ದೇಹವೇ ದಾರಿ!

“ಎಂಸಿಬಿ ಇದೆಯಲ್ಲ ಸರ್?” ಲೆಕ್ಕ ಹಾಕೋಣ. 6 ಆಂಪಿಯರ್ ಎಂಸಿಬಿ, ಪ್ರವಾಹ 6 ಆಂಪಿಯರ್ ಮೀರದೆ ಟ್ರಿಪ್ ಆಗುವುದಿಲ್ಲ. ದೇಹದಲ್ಲಿ 0.03 ಆಂಪಿಯರ್ ಹರಿದರೂ ಜೀವಕ್ಕೆ ಅಪಾಯ. ಇದು 6 ಆಂಪಿಯರಿನ 200ರಲ್ಲಿ ಒಂದು ಪಾಲು ಅಷ್ಟೇ! ಇಂಥ ಸಣ್ಣ ಸೋರಿಕೆಯನ್ನು ಹಿಡಿಯುವುದು 30 ಮಿಲಿಆಂಪಿಯರ್ ಆರ್‌ಸಿಸಿಬಿ.

ಏನು ಮಾಡಬೇಕು?
1. ಒಣಗಿದ ಕೈಯಿಂದ ಸ್ವಿಚ್ ಆಫ್ ಮಾಡಿ, ದೊಡ್ಡವರಿಂದ ಪ್ಲಗ್ ತೆಗೆಸಿ.
2. ಪ್ಲಗ್‌ನ ದಪ್ಪ, ಉದ್ದ ಪಿನ್ ಇದೆಯೇ, ಮುರಿದಿದೆಯೇ ನೋಡಿ.
3. ಗ್ರೈಂಡರ್ ಬಿಚ್ಚಬೇಡಿ. ಎಲೆಕ್ಟ್ರಿಷಿಯನ್‌ಗೆ ಗ್ರೈಂಡರ್ ಮತ್ತು ಸಾಕೆಟ್ ಎರಡರ ಅರ್ಥಿಂಗನ್ನೂ ಪರೀಕ್ಷಿಸಲು ಹೇಳಿ. ಅಲ್ಲಿವರೆಗೆ ಬಳಸಬೇಡಿ.

ಯೋಚಿಸಿ: ಭೂಸಂಪರ್ಕದ ಪಿನ್ ಉಳಿದೆರಡಕ್ಕಿಂತ ಉದ್ದ ಏಕೆ? ಸುಳಿವು: ಪ್ಲಗ್ ಹಾಕುವಾಗ ಸಾಕೆಟ್‌ಗೆ ಮೊದಲು ತಾಗುವುದು ಯಾವುದು? ತೆಗೆಯುವಾಗ ಕೊನೆಗೆ ಬಿಡುವುದು ಯಾವುದು?